ಕತ್ತಿನ ನಾಳ ಅಳೆಯುವ ನಜ್ಲಾ

ಬೆಳಗಿನ ಆರು ಗಂಟೆ. ಬೆಕಾ ಕಣಿವೆಗೆ ಇನ್ನೂ ಬಿಸಿಲು ಇಳಿದಿಲ್ಲ. ಆರೋಗ್ಯ ಕೇಂದ್ರದ ಕೊನೆಯ ಕೋಣೆಯಲ್ಲಿ ಮಾತ್ರ ದೀಪವಿದೆ. ಬೀದಿಯ ಜನರೇಟರ್ ಎಂಟಕ್ಕೆ ನಿಲ್ಲುತ್ತದೆ. ಅಷ್ಟರೊಳಗೆ ನಜ್ಲಾ ಶಲ್ಹೂಬ್ ಹದಿನಾಲ್ಕು ಮಕ್ಕಳ ಕತ್ತು ನೋಡಿ ಮುಗಿಸಬೇಕು. ಅಲ್ಟ್ರಾಸೌಂಡ್ ಯಂತ್ರಕ್ಕೆ ಬೇಕಾದ ಜೆಲ್ಲಿನ ಬಾಟಲಿಯನ್ನು ಒಲೆಯ ಪಕ್ಕದಲ್ಲಿಟ್ಟು ಬೆಚ್ಚಗೆ ಮಾಡಿಕೊಂಡಿದ್ದಾರೆ. ತಣ್ಣಗಿದ್ದರೆ ಮಕ್ಕಳು ಬೆಚ್ಚುತ್ತವೆ, ಅಳತೆ ತಪ್ಪುತ್ತದೆ.

"ಉಗುಳು ನುಂಗ್ಬೇಡ ಪುಟ್ಟಾ. ಹತ್ತು ಎಣಿಸೋವರೆಗೂ ಗೊಂಬೆ ಥರ ಇರು."

ಪರದೆಯ ಮೇಲೆ ಎರಡು ಬಿಳಿ ಗೆರೆಗಳು ಮೂಡುತ್ತವೆ. ಅವುಗಳ ನಡುವಿನ ಅಂತರವೇ ರಕ್ತನಾಳದ ಗೋಡೆಯ ದಪ್ಪ. ಮಕ್ಕಳಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ ಅಳೆಯುತ್ತಾರೆ. ಪಕ್ಕದಲ್ಲಿ ನಿಂತ ತಾಯಿ ಪರದೆ ನೋಡುವುದಿಲ್ಲ, ನಜ್ಲಾರ ಮುಖ ನೋಡುತ್ತಾಳೆ.

"ಅದಕ್ಕೇ ಮುಖ ಕಲ್ಲು ಮಾಡ್ಕೊಂಡಿರ್ತೀನಿ. ಹುಬ್ಬು ಒಂಚೂರು ಮೇಲೆ ಹೋದ್ರೂ ಸಾಕು, ಅಮ್ಮಂದಿರು ಅಳೋಕೆ ಶುರು ಮಾಡ್ತಾರೆ" ಎನ್ನುತ್ತಾರೆ ನಜ್ಲಾ.

ಅವರಿಗೀಗ ನಲವತ್ತಮೂರು. ಹದಿನೆಂಟು ವರ್ಷಗಳಿಂದ ಮಾಡುತ್ತಿರುವುದು ಇದೇ ಕೆಲಸ. ಇದುವರೆಗೆ ನಾಲ್ಕು ಸಾವಿರಕ್ಕೂ ಮಿಕ್ಕಿ ಕತ್ತುಗಳು ಅವರ ಕೈಕೆಳಗೆ ಹಾದುಹೋಗಿವೆ. ಈ ಬೆಟ್ಟದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಸಂಬಂಧದೊಳಗೇ ಮದುವೆ. ಅದರ ಜೊತೆ ರಕ್ತದ ಒಂದು ದೋಷವೂ ವಂಶದಿಂದ ವಂಶಕ್ಕೆ ಹರಿದುಬಂದಿದೆ. ಹೆತ್ತವರಲ್ಲಿ ಒಬ್ಬರಿಂದ ಮಾತ್ರ ಈ ದೋಷ ಬಂದ ಮಕ್ಕಳಿಗೆ ಹುಟ್ಟಿನಿಂದಲೇ ಕೊಲೆಸ್ಟರಾಲ್ ಹೆಚ್ಚು. ಇಬ್ಬರಿಂದಲೂ ಬಂದರೆ, ಹಾಲುಹಲ್ಲು ಬೀಳುವ ಮುಂಚೆಯೇ ನಾಳಗಳಲ್ಲಿ ಜಿಡ್ಡು ಕಟ್ಟತೊಡಗುತ್ತದೆ.

ನಜ್ಲಾರ ಅಣ್ಣ ಘಸ್ಸಾನ್ ಹಾಗೇ ಹೋದವನು. ಹದಿನೇಳು ವರ್ಷ. ಸೇಬಿನ ಪೆಟ್ಟಿಗೆ ಹೊತ್ತು ಲಾರಿಗೆ ಹಾಕುತ್ತಿದ್ದವನು ಅಲ್ಲೇ ಕುಕ್ಕರಿಸಿ ಕೂತ, ಮತ್ತೆ ಏಳಲಿಲ್ಲ. ಮೊಣಕೈ ಮೇಲೆ ಹಳದಿ ಗಂಟುಗಳಿದ್ದವು. ಅಮ್ಮ ಅವಕ್ಕೆ ದಿನಾ ಬೆಳ್ಳುಳ್ಳಿ ಉಜ್ಜುತ್ತಿದ್ದಳು.

"ಜನ ದೃಷ್ಟಿ ತಾಗ್ತು ಅಂದ್ರು. ನೀಲಿ ಮಣಿ ಕಟ್ಟೋದು ಮರೆತೆ ಅಂತ ಅಮ್ಮ ಸಾಯೋವರೆಗೂ ತನ್ನನ್ನೇ ಬೈಕೊಂಡ್ಳು."

ಎರಡು ವರ್ಷದ ಹಿಂದೆ ಅದೇ ಹಳದಿ ಗಂಟುಗಳು ನಜ್ಲಾರ ಕಣ್ಣಿಗೆ ಮತ್ತೆ ಬಿದ್ದವು. ಐನ್ ತೂತಾ ಹಳ್ಳಿಯ ಲಯಾಲ್ ಎಂಬಾಕೆ ಕೆಮ್ಮಿನ ಔಷಧಕ್ಕೆಂದು ಎಂಟು ವರ್ಷದ ಮಗಳು ರೀಮಾಸಳನ್ನು ಕರೆತಂದಿದ್ದಳು. ಹುಡುಗಿ ಕಾಲು ಆಡಿಸುತ್ತ ಬೆಂಚಿನ ಮೇಲೆ ಕೂತಿದ್ದಳು. ಹಿಮ್ಮಡಿಯ ಹಿಂದೆ ಕಡಲೆಯಷ್ಟು ದಪ್ಪದ ಎರಡು ಗಂಟು.

"ಅದಾ? ಬೂಟು ಕಚ್ಚಿದ್ದು" ಎಂದಳು ಲಯಾಲ್.

ನಜ್ಲಾ ಮಗುವನ್ನು ಮಲಗಿಸಿ ನೋಡಿದರು. ಗೋಡೆಯ ದಪ್ಪ ಸೊನ್ನೆ ದಶಾಂಶ ಒಂಬತ್ತು ಮಿಲಿಮೀಟರ್. ಐವತ್ತು ದಾಟಿದವರಲ್ಲಿ ಕಾಣುವ ಅಳತೆ. ಯಂತ್ರವೇ ಕೆಟ್ಟಿರಬಹುದೆಂದು ತಮ್ಮ ಕತ್ತಿಗೇ ಇಟ್ಟು ಪರೀಕ್ಷಿಸಿದರು. ಯಂತ್ರ ಸರಿಯಾಗಿತ್ತು.

ಮರುದಿನ ಮಗಳೊಂದಿಗೆ ಬಂದ ಅಪ್ಪ ತನ್ಯೂಸ್ ಕೂರಲೂ ಇಲ್ಲ. "ನೋಡಿ ನಜ್ಲಾ ಮೇಡಂ, ನಮ್ಮನೇಲಿ ಆಲಿವ್ ಎಣ್ಣೆ ಬಿಟ್ರೆ ಬೇರೆ ಇಲ್ಲ. ಮಾಂಸ ಭಾನುವಾರ ಮಾತ್ರ. ನನ್ನ ಮಗಳು ಕಡ್ಡಿ ಥರ ಇದ್ದಾಳೆ. ಅವಳಿಗೆ ಕೊಬ್ಬಾ?"

"ತಿಂದು ಬಂದದ್ದಲ್ಲ ತನ್ಯೂಸ್. ರಕ್ತದಲ್ಲಿ ಬಂದದ್ದು. ನಿಮ್ಮಿಂದ, ಲಯಾಲ್‌ನಿಂದ."

ಅವನ ಮುಖ ಕೆಂಪಗಾಯಿತು. "ಊರ ಮಕ್ಕಳ ಕತ್ತಿಗೆಲ್ಲ ಕೈ ಹಾಕ್ತೀರಲ್ಲ, ನಿಮ್ಮ ಮಗಳ ಕತ್ತು ನೋಡಿದ್ದೀರಾ?"

ನಜ್ಲಾ ನೋಡಿರಲಿಲ್ಲ. ಮಗಳು ತಾಲಾಗೆ ಆಗ ಏಳು ವರ್ಷ. ಜಡೆ ಹಾಕುವಾಗ, ಸ್ನಾನ ಮಾಡಿಸುವಾಗ ಕೈ ತಾನಾಗಿ ಅವಳ ಮೊಣಕೈ, ಹಿಮ್ಮಡಿ ಸವರಿ ಬರುತ್ತಿತ್ತು. ಏನೂ ಸಿಗದಿದ್ದರೆ ಆ ದಿನ ಗೆದ್ದಂತೆ. ಯಂತ್ರ ಮಾತ್ರ ಇಟ್ಟಿರಲಿಲ್ಲ.

"ನೋಡದೇ ಇರೋವರೆಗೆ ಅವಳಿಗೆ ಏನೂ ಇಲ್ಲ ಅಲ್ವಾ? ಹಂಗೆ ಇಟ್ಕೊಂಡಿದ್ದೆ" ಎನ್ನುವಾಗ ಈಗಲೂ ಅವರು ತಲೆ ತಗ್ಗಿಸುತ್ತಾರೆ.

ತನ್ಯೂಸ್ ಮಗಳ ಕೈ ಹಿಡಿದು ಹೊರಟುಹೋದ. ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಆ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ನಜ್ಲಾ ಚಿಕ್ಕ ಯಂತ್ರವನ್ನು ಕಾರಿಗೆ ಹಾಕಿಕೊಂಡರು. ಹಿಂದಿನ ಸೀಟಿನಲ್ಲಿ ತಾಲಾಳನ್ನು ಕೂರಿಸಿಕೊಂಡು ಐನ್ ತೂತಾದ ಏರು ಹತ್ತಿದರು.

ಬಾಗಿಲಲ್ಲಿ ಹುರುಳಿಕಾಯಿ ಸೋಸುತ್ತ ಕೂತಿದ್ದವಳು ತನ್ಯೂಸನ ತಾಯಿ, ಉಮ್ ತನ್ಯೂಸ್. ಅವಳ ಇನ್ನಿಬ್ಬರು ಗಂಡುಮಕ್ಕಳು ಮೂವತ್ತೆಂಟಕ್ಕೆ ಒಬ್ಬ, ನಲವತ್ತೊಂದಕ್ಕೆ ಒಬ್ಬ, ಎದೆ ಹಿಡಿದುಕೊಂಡು ಹೋದವರು.

"ಮತ್ತೆ ಹೆದರಿಸೋಕೆ ಬಂದ್ಯಾ?" ಎಂದಳು ಮುದುಕಿ, ತಲೆ ಎತ್ತದೆ.

"ಇಲ್ಲಮ್ಮಾ, ನಾನೇ ಹೆದರಿಕೊಂಡು ಬಂದಿದ್ದೀನಿ. ಇವಳ ಕತ್ತು ನೋಡ್ಬೇಕು. ಒಬ್ಬಳಿಗೇ ಧೈರ್ಯ ಸಾಲ್ತಿಲ್ಲ. ಇವಳ ಕೈ ಹಿಡ್ಕೊಳ್ತೀರಾ?"

ಮುದುಕಿ ಮೊರ ಕೆಳಗಿಟ್ಟಳು.

ಸೋಫಾದ ಮೇಲೆ ತಾಲಾ ಮಲಗಿದಳು. ತನ್ಯೂಸ್ ಗೋಡೆಗೊರಗಿ ನಿಂತಿದ್ದ. ಸಾವಿರಾರು ಮಕ್ಕಳನ್ನು ನೋಡಿದ ನಜ್ಲಾರ ಮೊದಲ ಮೂರು ಅಳತೆ ಕೆಟ್ಟವು. ನಾಲ್ಕನೆಯದು ಬಂತು. ನಜ್ಲಾ ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದರು.

"ಗಡಿ ಮೇಲೇ ಇದೆ. ರಕ್ತ ತೆಗೆಸ್ಬೇಕು. ಇವಳಿಗೂ ಬಂದಿರ್ಬೇಕು."

ಉಮ್ ತನ್ಯೂಸ್ ಮೆಲ್ಲಗೆ ಕನ್ನಡಕ ತೆಗೆದಳು. ಎರಡೂ ರೆಪ್ಪೆಗಳ ಮೇಲೆ ಹಳದಿ ಮಚ್ಚೆ.

"ಇದೂ ಅದೇನಾ? ಹಂಗಾದ್ರೆ ನನ್ನ ಮಕ್ಕಳಿಗೆ ನಾನೇ ಕೊಟ್ಟೆನಾ?"

"ನಿಮಗೂ ಯಾರೋ ದಾಟಿಸಿದ್ದು ಅಮ್ಮಾ. ಇವಳಿಗೆ ನಾನು ದಾಟಿಸಿದ ಹಾಗೆ."

ಮುದುಕಿ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ರೀಮಾಸಳನ್ನು ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು. "ಅಂಗಿ ಗುಂಡಿ ಬಿಚ್ಚು."

"ಅಮ್ಮಾ, ನನಗ್ಯಾಕೆ..."

"ಬಿಚ್ಚೋ! ಇಬ್ಬರನ್ನ ಮಣ್ಣು ಮಾಡಿದ್ದೀನಿ. ಈ ಕೂಸಿಗೆ ದಿನಾ 'ನನ್ನ ಮಣ್ಣು ಮಾಡೋಳು ನೀನಾಗು ಬಂಗಾರಾ' ಅಂತ ಮುದ್ದು ಮಾಡ್ತೀನಿ. ನನಗಿಂತ ಮುಂಚೆ ನೀವ್ಯಾರೂ ಹೋಗಬಾರದು ಅಂತ ಅಲ್ವಾ ಅದು, ಬರೀ ಬಾಯಿ ಮಾತಿಗಾ?"

ತನ್ಯೂಸ್ ಮಲಗಿದ. ಅವನ ನಾಳದೊಳಗೆ ಗೋಡೆಯಿಂದ ಒಂದು ಉಬ್ಬು ಚಾಚಿಕೊಂಡಿತ್ತು. ಅದು ಏನೆಂದು ಯಾರೂ ವಿವರಿಸಬೇಕಾಗಲಿಲ್ಲ.

"ನನ್ನ ಮಗಳದ್ದೂ ಹಿಂಗೇನಾ?" ಎಂದ, ಪಿಸುದನಿಯಲ್ಲಿ.

"ನಿಮಗೆ ಮೂವತ್ತೈದು ವರ್ಷ ಬೇಕಾಯ್ತು. ಅವಳಿಗೆ ಎಂಟೇ ಸಾಕಾಯ್ತು."

ಅಲ್ಲಿಂದೀಚೆಗೆ ಎರಡು ವಾರಕ್ಕೊಮ್ಮೆ, ಮಂಗಳವಾರ, ತನ್ಯೂಸ್ ಮಗಳನ್ನು ಕೂರಿಸಿಕೊಂಡು ಬೆಟ್ಟ ದಾಟಿ ಬೈರೂತಿಗೆ ಹೋಗುತ್ತಾನೆ. ಅಲ್ಲಿ ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಜಿಡ್ಡು ಸೋಸಿ, ಇನ್ನೊಂದು ತೋಳಿಗೆ ಹಿಂತಿರುಗಿಸುತ್ತಾರೆ. ಮೂರು ಗಂಟೆ. ಹೋದ ಚಳಿಗಾಲದಲ್ಲಿ ಹಿಮ ಬಿದ್ದು ಕಣಿವೆ ದಾರಿ ಮುಚ್ಚಿತು. ಒಂದು ಸರದಿ ತಪ್ಪಿತು. ಆ ದಿನಗಳಲ್ಲಿ ಮಗಳು ಮೆಟ್ಟಿಲು ಹತ್ತಲು ಹೊರಟರೂ ತನ್ಯೂಸ್ ಎತ್ತಿಕೊಳ್ಳುತ್ತಿದ್ದ. ದಿನಕ್ಕೆರಡು ಸಲ ನಜ್ಲಾಗೆ ಫೋನು. "ಕೆಮ್ಮಿದಳು, ಏನಾದ್ರೂ ಆಯ್ತಾ?" "ಕೆಮ್ಮು ಬರೀ ಕೆಮ್ಮು ತನ್ಯೂಸ್, ಹೆದರ್ಬೇಡಿ" ಎಂದು ಹೇಳಿ ಫೋನಿಟ್ಟ ಮೇಲೆ ನಜ್ಲಾ ತಾವೇ ಕಿಟಕಿಯ ಹತ್ತಿರ ಹೋಗಿ ದಾರಿ ತೆರೆಯಿತೇ ಎಂದು ನೋಡುತ್ತಿದ್ದರು.

ತಾಲಾಗೂ ಅದಿದೆ, ಆದರೆ ಅಮ್ಮನಿಂದ ಮಾತ್ರ ಬಂದದ್ದು. ಈಗ ರಾತ್ರಿ ಊಟದ ಜೊತೆ ಒಂದು ಮಾತ್ರೆ ನುಂಗುತ್ತಾಳೆ. ತನ್ಯೂಸನೂ ನುಂಗುತ್ತಾನೆ, ನಜ್ಲಾ ಕೂಡ. ಅವರ ಪಟ್ಟಿಯಲ್ಲಿ ಇವತ್ತಿಗೆ ತೊಂಬತ್ತೊಂದು ಮಕ್ಕಳು ಚಿಕಿತ್ಸೆಯಲ್ಲಿದ್ದಾರೆ. ಪಟ್ಟಿಗೆ ಇನ್ನೂ ಸೇರದವರ ನೆನಪಾದರೆ ಊಟ ಸೇರುವುದಿಲ್ಲವಂತೆ.

ಇವತ್ತಿನ ಹದಿನಾಲ್ಕನೆಯ ಕತ್ತು ರೀಮಾಸಳದ್ದು. ಹತ್ತು ವರ್ಷದ ಹುಡುಗಿ ಈಗ ಹೆದರುವುದಿಲ್ಲ, ತಾನೇ ಗಲ್ಲ ಮೇಲೆತ್ತಿ ಮಲಗುತ್ತಾಳೆ. ಬಾಗಿಲಲ್ಲಿ ತನ್ಯೂಸ್ ಟೋಪಿ ಹಿಂಡುತ್ತ ನಿಂತಿದ್ದಾನೆ. ಎಡಕ್ಕೆ ಮೂರು, ಬಲಕ್ಕೆ ಮೂರು. ಸೊನ್ನೆ ದಶಾಂಶ ಒಂಬತ್ತು. ಎರಡು ವರ್ಷದಲ್ಲಿ ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಹೋದ ಸಲದಷ್ಟೇ" ಎನ್ನುತ್ತಾರೆ ನಜ್ಲಾ. ಹುಡುಗಿ ಝಾತರ್ ಸೊಪ್ಪಿನ ಪುಡಿ ಹಚ್ಚಿದ ರೊಟ್ಟಿ ಹಿಡಿದು ಶಾಲೆಗೆ ಓಡುತ್ತಾಳೆ. ಅಪ್ಪ "ಓಡಬೇಡ್ವೇ!" ಎಂದು ಕೂಗುತ್ತ ಹಿಂದೆಯೇ ಹೋಗುತ್ತಾನೆ.

ಹೊರಗೆ ಜನರೇಟರ್ ನಿಲ್ಲುತ್ತದೆ. ಪರದೆ ಕತ್ತಲಾದ ಯಂತ್ರದ ಹಿಡಿಯಿಂದ ಜೆಲ್ ಒರೆಸುತ್ತ ನಜ್ಲಾ ಹೇಳುತ್ತಾರೆ: "ಆಸೆ ಅಂತ ದೊಡ್ಡದೇನಿಲ್ಲ. ಈ ತೊಂಬತ್ತೊಂದು ಜನಕ್ಕೂ ಐವತ್ತು ವರ್ಷ ಆಗ್ಬೇಕು. ರೀಮಾಸಳಿಗೆ ಐವತ್ತಾದಾಗ ನನಗೆ ಎಂಬತ್ತಮೂರು, ಕಣ್ಣೂ ಕಾಣ್ಸಲ್ಲ. ಪರವಾಗಿಲ್ಲ. ಬಂದು ಪಕ್ಕದಲ್ಲಿ ಕೂತ್ಕೊಂಡ್ರೆ ಕತ್ತು ಮುಟ್ಟಿ ನೋಡ್ತೀನಿ."