ಜೇಬು ನೋಡದ ಅಂಗಿ

ನಮ್ಮ ಬೀದಿಯ ಇಸ್ತ್ರಿ ಅಕ್ಕನ ಕೈಗೆ ಬಟ್ಟೆ ಹೋದರೆ ಮೊದಲು ಜೇಬಿನ ತಪಾಸಣೆ. ಎರಡು ಬೆರಳು ಒಳಗಿಳಿಸಿ, ಮೂಲೆಯವರೆಗೂ ತಡಕಿ, ಆಮೇಲೆಯೇ ನೀರು ಚಿಮುಕಿಸುವುದು. ಸಿಕ್ಕಿದ ಗುಂಡಿ, ಚೀಟಿ, ಬೀಗದ ಕೈ ಎಲ್ಲವೂ ಮಡಿಸಿದ ಬಟ್ಟೆಯ ಮೇಲೆ ಕೂತು ಅವರವರ ಮನೆ ಸೇರುತ್ತಿದ್ದವು. ಒಮ್ಮೆ ಮೇಷ್ಟ್ರ ಪ್ಯಾಂಟಿನಲ್ಲಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೇ ಸಿಕ್ಕಿತ್ತು. "ನಗ್ತಾ ಬಂದಿತ್ತು, ನಗ್ತಾನೇ ಕಳಿಸಿದ್ದೀನಿ" ಎಂದಿದ್ದರು ಅಕ್ಕ.

ತಪಾಸಣೆ ಇಲ್ಲದೆ ಪಾಸಾಗುತ್ತಿದ್ದದ್ದು ಒಬ್ಬರ ಅಂಗಿ ಮಾತ್ರ, ಅವರ ಗಂಡನದು. ಅವರು ಬಸ್ ಕಂಡಕ್ಟರ್. ಡಿಪೋದಲ್ಲಿ ದುಡ್ಡು ಒಪ್ಪಿಸಿ ಬಂದವರು ಮನೆ ಬಾಗಿಲಲ್ಲೇ ಜೇಬನ್ನು ಹೊರಕ್ಕೆ ಎಳೆದು ತೋರಿಸುತ್ತಿದ್ದರು: "ಚೆಕಿಂಗ್ ಮಾಡ್ಕೊಳ್ಳಿ ಮೇಡಂ, ಖಾಲಿ." ನಮ್ಮ ಬೀದಿಯ ಮಕ್ಕಳ ಬಾಯಲ್ಲಿ ಅವರು ರೈಟಣ್ಣ. ಮನೆಯೂ ಅವರಿಗೆ ಒಂದು ಬಸ್ಸೇ. ಹೆಂಡತಿ ಹೊಸ್ತಿಲಲ್ಲಿ ನಿಂತರೆ, ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಜಾಗ ಇದೆ ಎನ್ನುವರು. ಸಂಜೆ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತರೆಂದರೆ ಆ ದಿನದ ಪ್ರಯಾಣಿಕರೆಲ್ಲ ಮತ್ತೊಮ್ಮೆ ಅವರ ಬಾಯಿಂದ ಇಳಿದು ಹೋಗಬೇಕು. ಅಕ್ಕನಿಗೆ ಕೈತುಂಬ ಕೆಲಸ. ನಿಮ್ಮ ಬಾಯಿಗೆ ಬ್ರೇಕೇ ಇಲ್ಲವಾ ಎಂದು ಬೈಯುತ್ತಲೇ ಕೇಳಿಸಿಕೊಳ್ಳುವರು. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರ ಜಗಳವೇ ಮಗುವಿನ ಹಾಗೆ ಆಡಿಕೊಂಡಿತ್ತು.

ಆ ಗಂಟಲಿಗೇ ಗಡ್ಡೆ ಬಂತು. ಆಪರೇಷನ್ ಮಾಡಿದರೆ ಜೀವ ಉಳಿಯಬಹುದು, ಧ್ವನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಅವರ ಬಸ್ಸಿನ ಡ್ರೈವರ್ ತನ್ನ ಹಾಡಿನ ಪ್ಲೇಯರನ್ನು ತಂದು ಕೈಗಿಟ್ಟ. ಬೆರಳುದ್ದದ್ದು, ಮಾತೂ ರೆಕಾರ್ಡ್ ಆಗುತ್ತಿತ್ತು. ಆಸ್ಪತ್ರೆಗೆ ಸೇರುವ ತನಕ ರೈಟಣ್ಣ ಸಂಜೆ ಸಂಜೆ ಅದನ್ನು ಹಿಡಿದು ಅದೇ ಸ್ಟೂಲಿನಲ್ಲಿ ಕೂತು ಮಾತಾಡಿದರು. ಗೊಗ್ಗರು ಗಂಟಲಲ್ಲೇ ತಮ್ಮ ರೂಟಿನ ನಿಲ್ದಾಣಗಳನ್ನೆಲ್ಲ ಕೂಗಿದರು. ಚಿಲ್ಲರೆಗೆ ಜಗಳವಾಡುವ ಮುದುಕಿಯ ಹಾಗೆ ಮಾತಾಡಿ ತೋರಿಸಿದರು. ನಡುನಡುವೆ "ಮೇಡಂ, ಟಿಕೆಟ್" ಎಂದು ಹೆಂಡತಿಯನ್ನು ಕರೆದರು.

ಆಪರೇಷನ್ ಆಗಿ ಬಂದ ಮೇಲೆ ಸಂಜೆ ಅಕ್ಕ ಪ್ಲೇಯರ್ ಹಾಕುವರು, ಅದು ಮಾತಾಡುವುದು, ರೈಟಣ್ಣ ಸ್ಟೂಲಿನಲ್ಲಿ ಕೂತು ಅದರ ಜೊತೆ ತುಟಿ ಆಡಿಸುವರು. ಒಂದಕ್ಷರ ಹಿಂದುಮುಂದಾಗುತ್ತಿರಲಿಲ್ಲ. ಗೊತ್ತಿಲ್ಲದವರು ನೋಡಿದರೆ ಆ ಮನುಷ್ಯನೇ ಮಾತಾಡುತ್ತಿದ್ದಾನೆ ಅನ್ನಬೇಕು.

ಮರುವರ್ಷ ಕಾಯಿಲೆ ತಿರುಗಿ ಬಂತು, ಅವರನ್ನು ಕರೆದುಕೊಂಡೇ ಹೋಯಿತು. ಅಕ್ಕ ಅಳಲಿಲ್ಲ. ನಾನು ಪಕ್ಕದ ಮನೆಯವಳು, ಹೋಗಿ ಜೊತೆಗೆ ಕೂರುತ್ತಿದ್ದೆ. ಅವರು ಪ್ಲೇಯರ್ ಹಾಕುವರು, ನಾನು ಕೇಳುತ್ತಾ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿಯುತ್ತಿದ್ದೆ. ಇಷ್ಟಾದರೂ ಉಳಿಸಿದೆಯಲ್ಲ ತಂದೆ ಎಂದು. ಕೇಳಿದ ಮೇಲೆ ಅದನ್ನು ಮೊಳೆಗೆ ತೂಗಿಹಾಕಿದ ಯೂನಿಫಾರ್ಮ್ ಅಂಗಿಯ ಜೇಬಿಗೆ ಇಳಿಬಿಡುವರು. ಆ ಮಾತನ್ನು ಬೇರೆಲ್ಲಾದರೂ ಕಾಪಿ ಮಾಡಿಸಿ ಇಟ್ಟುಕೊಳ್ಳಿ ಎಂದು ಡ್ರೈವರ್ ಹೇಳಿದ್ದುಂಟು. ಅವರ ಜೇಬಿಗಿಂತ ಭದ್ರವಾದ ಜಾಗ ಯಾವುದಿದೆ ಎಂದಿದ್ದರು ಅಕ್ಕ.

ಒಂದು ಬೆಳಿಗ್ಗೆ ಆ ಅಂಗಿಗೆ ಧೂಳು ಕೂತದ್ದು ಕಣ್ಣಿಗೆ ಬಿತ್ತು. ಕೊಡವಿ ಮೇಜಿನ ಮೇಲೆ ಹಾಸಿದರು. ಊರವರ ಜೇಬನ್ನೆಲ್ಲ ತಡಕಿದ ಕೈ ಅವತ್ತು ಜೇಬಿಗೆ ಹೋಗಲಿಲ್ಲ. ಗಂಡನ ಅಂಗಿ ಖಾಲಿ ಎಂಬುದು ಆ ಕೈಗೆ ಅಷ್ಟು ವರ್ಷದ ರೂಢಿ. ಎದೆಯ ಹತ್ತಿರ ಇಸ್ತ್ರಿ ಪೆಟ್ಟಿಗೆಗೆ ಉಬ್ಬು ತಗುಲಿತು. ಜೇಬಿನ ಪಟ್ಟಿ ಮಡಚಿಕೊಂಡಿದೆ ಎಂದುಕೊಂಡು ಇನ್ನಷ್ಟು ಒತ್ತಿದರು. ಪ್ಲಾಸ್ಟಿಕ್ ಸುಟ್ಟ ವಾಸನೆ ನಮ್ಮ ಮನೆಯವರೆಗೂ ಬಂತು.

ಮೊಬೈಲ್ ರಿಪೇರಿಯವನ ಅಂಗಡಿಗೆ ನಾನೇ ಜೊತೆಗೆ ಹೋದೆ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕರಗಿದ್ದನ್ನು ಬಿಡಿಸಿ ನೋಡಿದ. ಒಳಗಿನ ಚಿಪ್‌ಗೂ ಬಿಸಿ ತಾಗಿದೆ, ಕಿತ್ತು ಬೇರೆ ಬೋರ್ಡಿಗೆ ಕೂರಿಸಿ ನೋಡುತ್ತೇನೆ, ಹಾಡು ಬರಬಹುದು ಎಂದ.

"ಹಾಡು ಬೇಡಪ್ಪ" ಎಂದರು ಅಕ್ಕ. "ಅವರ ಮಾತು."

ಅವನು ಹೇಳಿಕಳಿಸಿದ ದಿನ ಅಕ್ಕ ಬೆಳಗಿನಿಂದಲೇ ಒಳ್ಳೆ ಸೀರೆ ಉಟ್ಟು ಕೂತಿದ್ದರು. ಅಂಗಡಿಯವನು ನಮ್ಮಿಬ್ಬರಿಗೂ ಟೀ ತರಿಸಿದ. ಡ್ರೈವರ್ ತುಂಬಿಸಿದ್ದ ಹಾಡುಗಳು ಮುಕ್ಕಾಲು ಪಾಲು ಬಂದಿದ್ದವು. ಮಾತಿದ್ದ ಭಾಗವೆಲ್ಲ ಸುಟ್ಟುಹೋಗಿತ್ತು.

"ಒಂದೇ ಒಂದು ಚೂರು ಸಿಕ್ಕಿದೆ, ಅಕ್ಕ. ಆದ್ರೆ ಅದ್ರಲ್ಲಿ ಅವ್ರ ಮಾತಿಲ್ಲ. ಕೇಳಲೇಬೇಕು ಅಂತೇನಿಲ್ಲ."

"ಹಾಕಪ್ಪ."

ಇಸ್ತ್ರಿ ಪೆಟ್ಟಿಗೆ ಮೇಜಿಗೆ ಕುಕ್ಕಿದ ಸದ್ದು. ಮಾತಿಗೆ ಮೊದಲು ದೀರ್ಘವಾಗಿ ಎಳೆದುಕೊಂಡ ಒಂದು ಉಸಿರು. ಅದರ ಮೇಲೆಯೇ ಅಕ್ಕನ ದನಿ: "ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರಿ ನೋಡೋಣ." ಅಷ್ಟೇ. ಮುಗಿಯಿತು.

ಅಕ್ಕ ಇನ್ನೊಂದು ಸಲ ಹಾಕಿಸಿದರು, ಮತ್ತೊಂದು ಸಲ. ಟೀ ಕೆನೆಗಟ್ಟಿತು.

"ಉಸಿರು ಅವರದು" ಎಂದರು ಕೊನೆಗೆ. "ನನ್ನ ಮಾತು ತೆಗೆದು ಅದೊಂದನ್ನ ಇಡೋಕಾಗುತ್ತಾ?"

ಅವನು ಕಂಪ್ಯೂಟರಿನ ಮುಂದೆ ಬಹಳ ಹೊತ್ತು ತಿಣುಕಿದ. ಬಂದ ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿದ. ಕೊನೆಗೆ ಹೆಡ್‌ಫೋನ್ ಕಳಚಿ ಇಟ್ಟ.

"ಅವರು ಉಸಿರು ಎಳ್ಕೊಳ್ತಿರುವಾಗಲೇ ನೀವು ಮಾತಾಡಿದ್ದೀರಿ. ಒಂದರೊಳಗೊಂದು ಕೂತಿವೆ. ನಿಮ್ಮ ಮಾತು ತೆಗೆದ್ರೆ ಅವರ ಉಸಿರೂ ಹೋಗುತ್ತೆ ಅಕ್ಕ."

"ಹಾಗಾದ್ರೆ ತೆಗೀಬೇಡ" ಎಂದರು ಅಕ್ಕ. "ಇರಲಿ. ಎರಡೂ ಇರಲಿ."

ಅವನು ಅದನ್ನು ಬೇರೊಂದು ಪ್ಲೇಯರಿಗೆ ಹಾಕಿಕೊಟ್ಟ. ಅದು ಈಗ ಜೇಬಿನಲ್ಲಿಲ್ಲ, ಸ್ಟೂಲಿನ ಮೇಲಿರುತ್ತದೆ. ಅಕ್ಕ ಈಗಲೂ ಎಲ್ಲರ ಜೇಬು ನೋಡುತ್ತಾರೆ, ಒಂದೊಂದು ಅಂಗಿಯನ್ನೂ ಎರಡೆರಡು ಸಲ. ಸಂಜೆ ಕೆಲಸದ ನಡುವೆ ಪ್ಲೇಯರ್ ಒತ್ತುತ್ತಾರೆ. ಒಂದು ಉಸಿರು, ಅದರ ಮೇಲೆ ಆ ಬೈಗುಳ. ಹೊಸ ಗಿರಾಕಿ ಯಾರಾದರೂ ಗಾಬರಿಯಾಗಿ, ನನಗಾ ಅಕ್ಕ ಹೇಳಿದ್ದು ಎಂದು ಕೇಳುವುದುಂಟು. ಅಕ್ಕ ಅಲ್ಲವೆಂದು ತಲೆಯಾಡಿಸುತ್ತಾರೆ. ಬಿಸಿ ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ಹಿಡಿದು, ಸ್ಟೂಲಿನ ಕಡೆ ತಿರುಗಿ ಸುಮ್ಮನೆ ನಿಲ್ಲುತ್ತಾರೆ, ಈಗ ಹೇಳಿ ಎನ್ನುವ ಹಾಗೆ. ಕೈ ಸೋತ ಮೇಲೆ ಪೆಟ್ಟಿಗೆ ಇಳಿಸುತ್ತಾರೆ.