ಮೋತಿಯ ತುಪ್ಪ ಬಂದ್

ಸ್ನೇಹಿತರೇ, ಇವತ್ತು ನಮ್ಮ ನಾಯಿ ಮೋತಿಯನ್ನು ಜಯಸಿಂಗಪುರದ ಡಾಕ್ಟರಿಗೆ ತೋರಿಸಿದೆವು. ಸ್ವಲ್ಪ ನಡೆದರೂ ಏದುಸಿರು ಬಿಡುತ್ತಿದ್ದ.

“ಏನೂ ತಿನ್ನಂಗಿಲ್ರಿ, ಭಾಳ ಸೊರಗ್ಯಾನ,” ಎಂದರು ನನ್ನ ಅತ್ತೆ.

ಡಾಕ್ಟರು ತೂಕ ನೋಡಿದರು. “ಮುಂಜಾನೆ ಏನ್ ಕೊಟ್ರಿ?”

“ತುಪ್ಪ ಬೆಲ್ಲ ಹಚ್ಚಿ ಎರಡ್ಮೂರು ಚಪಾತಿ. ಅಷ್ಟರೀ.”

“ಮಾವಶಿ,” ಎಂದು ಡಾಕ್ಟರು ಅತ್ತೆಯತ್ತ ತಿರುಗಿದರು, “ಇಂವ ಇನ್ನೂ ಭಾಳ ವರ್ಷ ಇರಬೇಕಂದ್ರ ತುಪ್ಪ, ಬೆಲ್ಲ ಇವತ್ತಿಂದ ಬಂದ್. ದಿನಾ ಅಡ್ಡಾಡಸ್ರಿ.”

ದಾರಿಯುದ್ದಕ್ಕೂ ಅತ್ತೆ ಮೋತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಹೊತ್ತು ಮುಳುಗುವ ಮುಂಚೆ ಎಲ್ಲರೂ ಊಟಕ್ಕೆ ಕೂತಾಗ ಅವನಿಗೆ ಒಣ ಚಪಾತಿ ಹಾಕಿದರು. ಅವನು ಮೂಸಿ ನೋಡಿ ನಮ್ಮ ತಟ್ಟೆಗಳತ್ತ ತಿರುಗಿದ. ಅತ್ತೆ ಎದ್ದು ತುಪ್ಪದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಂದರು.

“ಅವನ ಮುಂದ ನಾವು ಹೆಂಗ ತುಪ್ಪ ಉಣ್ಣೂದು?”

ಮೋತಿಯ ಆಯಸ್ಸು ಎಷ್ಟು ಹೆಚ್ಚುತ್ತದೋ ಗೊತ್ತಿಲ್ಲ. ನಮ್ಮೆಲ್ಲರದಂತೂ ಹೆಚ್ಚುವ ಹಾಗಿದೆ.