ತಂಗಿ ವಾಪಸು ಕಳಿಸಿದ ಹೊದಿಕೆಗಳು

ಸವೆದ ಚಪ್ಪಲಿ, ಗಟ್ಟಿ ಕೈಚೀಲ, ಅದಕ್ಕಿಂತ ಗಟ್ಟಿ ನಾಲಿಗೆ. ಉದ್ರಿ ಕೇಳುವ ಗಿರಾಕಿಯಲ್ಲ, ಸುಲಭಕ್ಕೆ ಕೊಳ್ಳುವ ಗಿರಾಕಿಯೂ ಅಲ್ಲ. ಒಂದು ಲಡಿ ಹಸಿರು ದಾರ ಆರಿಸಲು ನಮ್ಮ ಅಂಗಡಿಯ ಡಬ್ಬಗಳನ್ನೆಲ್ಲ ಬಾಗಿಲ ಬೆಳಕಿಗೆ ತರಿಸುತ್ತಿದ್ದರು. ಬೀದಿಯವರು ಇಟ್ಟ ಹೆಸರು ದಾರದಕ್ಕ.

ಹಾಗೆ ಚೌಕಾಸಿ ಮಾಡಿ ಒಯ್ದ ದಾರದಲ್ಲಿ ಹೊದಿಕೆಯ ತುಂಬ ಬಳ್ಳಿ ಕಸೂತಿ ಹಾಕಿ, ಆಸ್ಪತ್ರೆಗೆ ಪುಕ್ಕಟೆ ಕೊಟ್ಟುಬಿಡುತ್ತಿದ್ದರು.

"ಅಕ್ಕಾ, ಮಾರಿದ್ರೆ ಕೈ ನೋಯುತ್ತಾ?" ಎಂದು ಒಮ್ಮೆ ಕೇಳಿದೆ.

"ಮಾರಿದ್ರೆ ನಿನ್ನ ಥರ ಆಗ್ಬಿಡ್ತೀನಿ ಅಂತ ಭಯ."

ಧಾರಾಳ ಮನಸ್ಸು ಎಂದು ಎಲ್ಲರೂ ಹೊಗಳಿದರು. ಸಂಗತಿ ಬೇರೆಯೇ ಇತ್ತು. ತಾಯಿ ತೀರಿಕೊಂಡಾಗ ಅವರ ಹೊಲಿಗೆ ಪೆಟ್ಟಿಗೆ ಯಾರಿಗೆ ಎಂಬ ಮಾತಿಗೆ ತಂಗಿ ಮುನಿಸಿಕೊಂಡು ಹೋಗಿದ್ದಳು. ಅಕ್ಕ ವರ್ಷಕ್ಕೊಂದು ಹೊದಿಕೆ ಅವಳಿಗೆಂದೇ ಹೊಲಿದು ಕಳಿಸುವುದು, ಅವಳು ಕಟ್ಟು ಬಿಚ್ಚದೆ ವಾಪಸು ಅಟ್ಟುವುದು. ಬಂದದ್ದನ್ನು ಕಣ್ಣೆದುರು ಇಟ್ಟುಕೊಳ್ಳಲಾರದೆ ಆಸ್ಪತ್ರೆಗೆ ಕೊಡುತ್ತಿದ್ದರು.

ಆ ತಂಗಿಯೇ ಕಾಯಿಲೆ ಬಿದ್ದು ಅದೇ ಆಸ್ಪತ್ರೆಯ ವಾರ್ಡು ಸೇರಿದಳು. ಅಕ್ಕನಿಗೆ ಸುದ್ದಿಯಿಲ್ಲ. ಚಳಿ ಎಂದಾಗ ನರ್ಸ್ ಕಪಾಟಿನಿಂದ ಒಂದು ಹೊದಿಕೆ ತಂದು ಹೊದಿಸಿದಳು. ಮರುದಿನ ಒಗೆಯಲು ಎಳೆದರೆ ರೋಗಿ ಬಿಡಲೊಲ್ಲಳು.

"ಈ ಎಲೆ ನೋಡಮ್ಮ. ಲೋಕವೆಲ್ಲ ತೊಟ್ಟಿನಿಂದ ಹೊಲಿದ್ರೆ ಇದು ತುದಿಯಿಂದ ಬಂದಿದೆ. ನಮ್ಮಮ್ಮ ಹೀಗೆ ತಪ್ಪಾಗಿ ಕಲಿಸಿದ್ದು ನಮ್ಮಿಬ್ಬರಿಗೇ. ನಮ್ಮಕ್ಕನ್ನ ಕರೆಸು. ಬೈಯೋದು ತುಂಬ ಇದೆ."

ನರ್ಸಿನ ಫೋನು ಬಂದಾಗ ದಾರದಕ್ಕ ನಮ್ಮ ಅಂಗಡಿಯಲ್ಲಿದ್ದರು. ಆರಿಸಿದ ದಾರ ಅಲ್ಲೇ ಬಿಟ್ಟು ಓಡಿದರು. ತಲುಪುವಷ್ಟರಲ್ಲಿ ತಂಗಿಗೆ ಪ್ರಜ್ಞೆ ತಪ್ಪಿತ್ತು.

"ಬಂದಿದ್ದೀನಿ ಕಣೇ. ಬೈಯಿ ಈಗ."

ಕೈ ಹಿಡಿದು ಅದನ್ನೇ ಅನ್ನುತ್ತ ಕೂತರು. ತಂಗಿ ಕಣ್ಣು ಬಿಡಲಿಲ್ಲ. ಹೊತ್ತು ಮುಳುಗುವಾಗ ಹೋಗಿಬಿಟ್ಟಳು.

ನರ್ಸ್ ಹೊದಿಕೆ ತೆಗೆಯಲು ಬಂದಳು. "ಮನೆಗೆ ಒಯ್ಯಿರಿ ಅಕ್ಕಾ."

"ಬೇಡಮ್ಮ. ಇದೊಂದನ್ನ ಅವಳು ತಗೊಂಡಿದ್ದಾಳೆ. ಅವಳ ಜೊತೆಗೇ ಹೋಗಲಿ."

ಪಕ್ಕದ ಮಂಚದಿಂದ ಇದನ್ನೆಲ್ಲ ಕಂಡು ನನಗೆ ಹೇಳಿದವಳು ಅಲ್ಲೇ ಮಲಗಿದ್ದ ನನ್ನ ಹೆಂಡತಿ. ನಾನು ಅಂಗಡಿ ಬಾಗಿಲು ಹಾಕಿ ಬರುವತನಕ ಅವಳಿಗೆ ಯಾರೂ ಇರುತ್ತಿರಲಿಲ್ಲ. ತಂಗಿಗೆಂದು ಅರ್ಧ ಹೊಲಿದಿದ್ದ ಈ ವರ್ಷದ ಹೊದಿಕೆಯನ್ನು ದಾರದಕ್ಕ ತಂದು, ದಿನವೂ ನನ್ನ ಹೆಂಡತಿಯ ಬದಿಯಲ್ಲಿ ಕೂತು ಮುಗಿಸಿದರು. ಅದನ್ನು ಹೊದ್ದೇ ಅವಳು ಕಣ್ಣು ಮುಚ್ಚಿದಳು, ಒಂಟಿಯಾಗಿ ಅಲ್ಲ. ಆ ಜೊತೆಗಾಗಿ ನಾನು ದಾರದಕ್ಕನಿಗೆ ಋಣಿ.